ನಾನು ಕೊಡಿಸಿದ ತೆರಿಗೆ ಮಾಫಿ

ತಿಳಿಯದ ಕೆಲಸಕ್ಕೆ ಕೈಹಾಕಿದಾಗಲೆಲ್ಲ ನನಗೆ ಹೀಗೇ ಆಗುತ್ತದೆ. ತಿಳಿದ ಕೆಲಸದಲ್ಲೂ ಆಗುತ್ತದೆ, ಆದರೆ ಅದನ್ನು ನೋಡಲು ಮಕ್ಕಳು ಮಾತ್ರ ಇರುತ್ತಾರೆ.

ಬರದ ವರ್ಷದ ಒಂದು ಸಾದಾ ಸೋಮವಾರ ಎಕಂಬಾದ ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದೆ. ಊರಿನ ಎಷ್ಟೋ ಮನೆಯವರು ಮಕ್ಕಳನ್ನೂ ಕರೆದುಕೊಂಡು ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಇನ್ನಷ್ಟು ಬೆಂಚು ಖಾಲಿಯಾದರೆ ಶಾಲೆಯನ್ನೇ ಮುಚ್ಚುತ್ತಾರೆಂಬ ಮಾತಿತ್ತು. ಆಗ ನನ್ನ ಹೆಂಡತಿಯ ತಮ್ಮ ಬಾಗಿಲಲ್ಲಿ ಬಂದು ನಿಂತ. ಜಿಲ್ಲಾ ಕೇಂದ್ರದ ಪಕ್ಕದ ನೌಬಾದದಲ್ಲಿ ಅವನ ತೊಗರಿಬೇಳೆ ಮಿಲ್ಲಿತ್ತು.

"ಭಾವ, ಹಿಂದುಳಿದ ತಾಲೂಕಿನ್ಯಾಗ ಹೊಸ ಕಾರ್ಖಾನಿ ಹಾಕಿದ್ರ ತೆರಿಗಿ ಮಾಫ್ ಅಂತರಿ. ಇಲ್ಲೇ ಹಾಕ್ತೇನಿ. ಸಾಹೇಬರ ಜೋಡಿ ಮಾತಾಡ್ಲಿಕ್ಕ ನೀವು ಬೇಕು."

ಅವನ ಅಕ್ಕ ತೀರಿಕೊಂಡು ವರ್ಷ ತುಂಬಿರಲಿಲ್ಲ. ನನ್ನನ್ನು ಮನೆಯಿಂದ ಹೊರಗೆ ತರಲು ಇದೊಂದು ಉಪಾಯ ಎಂದು ಗೊತ್ತಾಯಿತು. ಮಿಲ್ ಬಂದರೆ ಊರವರಿಗೆ ಕೆಲಸ ಸಿಕ್ಕು ಮಕ್ಕಳಾದರೂ ಊರಲ್ಲಿ ಉಳಿಯುತ್ತಾರೆಂದು ಒಪ್ಪಿದೆ.

ಪಾಠ

ಮೊದಲು ಅವನಿಗೇ ಪಾಠ ಮಾಡಿದೆ. ಲಾಭ ಎಂದರೇನು, ಅದರ ಮೇಲೆ ತೆರಿಗೆ ಹೇಗೆ, ವಿನಾಯಿತಿ ಯಾಕೆ ಎಂದು ಕಪ್ಪು ಹಲಗೆ ತುಂಬ ಬರೆದೆ. ಅವನು ಕೊನೆಯತನಕ ಕೇಳಿದ.

"ಅಂದ್ರ ಲಾಭ ಆದ್ರ ಅಷ್ಟೇ ಮಾಫಿ?"

"ಹೌದು."

"ಬರದಾಗ ತೊಗರಿನೇ ಇಲ್ಲ, ಲಾಭ ಎಲ್ಲಿದು ಭಾವ? ಹಂಗಾದ್ರ ನೌಬಾದದಾಗ ನನಗ ಈಗಾಗಲೇ ಮಾಫ್ ಆಗೇದ!"

ಮುಂದೆ ಮಳೆ ಬಂದೀತು ಎಂದು ಹೇಳಿ ಹಲಗೆ ಒರೆಸಿದೆ.

ಭಾಲ್ಕಿಯ ಸಲಹೆ

ಭಾಲ್ಕಿಯ ತೆರಿಗೆ ಸಲಹೆಗಾರರ ಹತ್ತಿರ ಹೋದೆ. "ಮಾಫಿಯ ಅವಧಿ ಮುಗಿದ ಮೇಲೆ?" ಎಂದು ಕೇಳಿದೆ. ಅವರು ಕಿಟಕಿಯಿಂದ ಎದುರಿನ ಎಣ್ಣೆ ಗಿರಣಿ ತೋರಿಸಿದರು.

"ಅದು ಮೊದಲಿಗೆ ಅಪ್ಪನ ಹೆಸರಿನ್ಯಾಗಿತ್ತು. ಮಾಫಿ ಮುಗೀತು, ಮುಚ್ಚಿದ್ರು. ಮಗನ ಹೆಸರಿನ್ಯಾಗ ಹೊಸದು ತೆರೆದ್ರು. ಈಗ ಸೊಸಿದು. ಮನ್ಯಾಗ ಮಂದಿ ಇರೋತನಕ ಕಾರ್ಖಾನಿ ಹೊಸದೇ ಇರ್ತದ್ರಿ, ಮಾಸ್ತರ. ನಿಮ್ಮ ಮನ್ಯಾಗ ಎಷ್ಟು ಮಂದಿ?"

"ನಾನೊಬ್ಬನೇ."

ಅವರು ಚಹಾ ತರಿಸಿದರು. "ನಿಮಗ ಉದ್ಯಮ ಆಗಿಬರಂಗಿಲ್ಲ ಬಿಡ್ರಿ," ಎಂದರು.

ತಪಾಸಣೆ

ಎಕಂಬಾದಲ್ಲಿ ಶೆಡ್ ಎದ್ದಿತು. ಯಂತ್ರಗಳು ಹಸಿರಾಗಿ ಹೊಳೆಯುತ್ತಿದ್ದವು. ನೋಡಲು ಬಂದ ಅಧಿಕಾರಿ, "ಹಳೇ ಯಂತ್ರಕ್ಕ ಮಾಫಿ ಇಲ್ರಿ," ಎಂದರು.

"ಹೊಚ್ಚ ಹೊಸದು ಸಾಹೇಬರೆ! ನಾನು ಶಿಕ್ಷಕ, ಸುಳ್ಳು ಹೇಳುವವನಲ್ಲ," ಎಂದು ಯಂತ್ರಕ್ಕೆ ಬೆನ್ನು ಒರಗಿಸಿ ನಿಂತು, ನಮ್ಮ ಔರಾದ ತಾಲೂಕಿನ ಅಭಿವೃದ್ಧಿಯ ಬಗ್ಗೆ ದೀರ್ಘ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ದಾರಿ ತೋರಿಸಲು ನಾನು ತಿರುಗಿದೆ.

"ಖರೇ ಅದ ಮಾಸ್ತರ, ಭಾಳ ಹೊಸದದ. ಇನ್ನೂ ಒಣಗಿಲ್ಲ."

ನನ್ನ ಬಿಳಿ ಅಂಗಿಯ ಬೆನ್ನೆಲ್ಲ ಹಸಿರಾಗಿತ್ತು. ಹೆಂಡತಿಯ ತಮ್ಮ ತಗಡಿನ ಛಾವಣಿ ನೋಡುತ್ತ ನಿಂತಿದ್ದ.

"ನೌಬಾದದ ಮಿಲ್ಲಿನವೇ ಭಾವ. ನಿಮಗ ಹೇಳಿದ್ದರ ನಿಮ್ಮ ಮಾರಿ ನೋಡೇ ಅವರಿಗೆ ಗೊತ್ತಾಗ್ತಿತ್ತು."

ಮಾಫಿ ಹೋಯಿತು. ಬೈಯಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ: "ಹಾಗಾದರೆ ವಾಪಸ್ ಒಯ್ಯುತ್ತೀಯಾ?"

"ಎಲ್ಲಿಗಿ ಒಯ್ಯಲಿ? ಬಿಚ್ಚಿ ಸಾಗಿಸೋ ಖರ್ಚು ತೆರಿಗಿಕಿಂತ ಜಾಸ್ತಿ ಆಗ್ತದ. ಬಿದ್ದಿರಲಿ ಇಲ್ಲೇ. ನೀವು ಮೊದಲು ಅಂಗಿ ಬಿಚ್ರಿ."

ಮಳೆ ಬಂತು, ಮಿಲ್ ತಿರುಗಿತು. ದೀಪಾವಳಿ ಮುಗಿದ ಮೇಲೆ, ಕಬ್ಬು ಕಡಿಯುವವರನ್ನು ಒಯ್ಯುವ ಲಾರಿ ಎಕಂಬಾಕ್ಕೆ ಬಂತು. ಅರ್ಧ ಖಾಲಿ ಹೊರಟಿತು.