ಅಮ್ಮಾವ್ರು ಪೂರ್ತಿ ಹೇಳಿದ್ದರು

ಮೇಲ್ವಿಚಾರಕ: ಆಗಲ್ಲ ಅಂದ್ರೆ ಆಗಲ್ಲ ಕಣಯ್ಯ! ಹಿಂದಿಲ್ಲ, ಮುಂದಿಲ್ಲ, ಬರೀ "ಏಳು, ನಾಲ್ಕು" ಅಂತ ಬಂದ್ರೆ ಅದೂ ಒಂದು ಸುದ್ದಿಯೇ? ನಿನ್ನ ಈ ಹೊಸ ಏರ್ಪಾಟಿನ ಕಾಗದಕ್ಕೆ ಸಹಿ ಹಾಕಲ್ಲ.

ಅದು ತರಕಾರಿಯನ್ನು ತಣ್ಣಗಿಡುವ ಗೋದಾಮು. ಒಂದೊಂದು ಕೋಣೆಯ ಸೂರಿನಲ್ಲೂ ತಂಪನ್ನು ಅಳೆದು, ತಂತಿಯಿಲ್ಲದೆ ಕಚೇರಿಗೆ ತಿಳಿಸುವ ಪುಟ್ಟ ಪೆಟ್ಟಿಗೆಯಿತ್ತು. ಅದರ ಸೆಲ್ಲು ತಿಂಗಳಿಗೊಮ್ಮೆ ಮುಗಿಯುತ್ತಿತ್ತು. ಏಣಿ ಹತ್ತಿ ಬದಲಿಸುತ್ತಿದ್ದವರು ಮಂಡಿನೋವಿನ ಮೇಲ್ವಿಚಾರಕರೇ.

ಮೆಕ್ಯಾನಿಕ್: ಏಳನೇ ಕೋಣೆ, ನಾಲ್ಕು ಡಿಗ್ರಿ ಅಂತ ಸಾರ್. ಈಗ ಪ್ರತಿ ಸಲವೂ "ಇಂಥ ಪೆಟ್ಟಿಗೆಯಿಂದ, ಇಂಥ ಕಂಪ್ಯೂಟರಿಗೆ, ಇಂಥ ದಾರಿಯಲ್ಲಿ" ಅಂತ ನಲವತ್ತು ಅಕ್ಷರದ ತಲೆಬರಹ ಹೊತ್ತು ಬರುತ್ತೆ. ಹೇಳೋ ವಿಷಯ ಎರಡಕ್ಷರ. ಸೆಲ್ಲು ಸಾಯೋದು ಆ ಹೊರೆಗೇ.

ಮೇಲ್ವಿಚಾರಕ: ತಲೆ ತೆಗೆದ್ರೆ ಹಗುರ ಆಗುತ್ತೆ, ಒಪ್ಪಿದೆ. ನಿನ್ನನ್ನ ನೋಡಿದ್ರೇ ಗೊತ್ತಾಗುತ್ತೆ.

ಮೆಕ್ಯಾನಿಕ್: ಬದಲಾಗದ್ದನ್ನೆಲ್ಲ ಎರಡೂ ಕಡೆ ಒಂದು ಸಲ ಬರೆದಿಟ್ಟುಕೊಳ್ಳೋದು ಸಾರ್, ಅಷ್ಟೇ. ಆಮೇಲೆ ನಂಬರ್ ಹೇಳಿದ್ರೆ ಸಾಕು, ಉಳಿದದ್ದನ್ನ ಕಂಪ್ಯೂಟರೇ ತುಂಬಿಕೊಳ್ಳುತ್ತೆ.

ಮೇಲ್ವಿಚಾರಕ: ತುಂಬಿಕೊಳ್ಳುತ್ತಂತೆ! ಹೇಳದೇ ಇದ್ದದ್ದನ್ನ ತಿಳಿಯೋಕೆ ಅದೇನು ಕಣಿ ಹೇಳುತ್ತಾ?

ಮೆಕ್ಯಾನಿಕ್: ಹಾಗಾದ್ರೆ ಮುಂದಿನ ತಿಂಗಳೂ ಏಣಿ ನಿಮ್ಮದೇ ಸಾರ್.

ಫೋನು ಬಡಿದುಕೊಂಡಿತು. ಮೇಲ್ವಿಚಾರಕರ ಹೆಂಡತಿ, ಕೋಣೆಗೆಲ್ಲ ಕೇಳುವ ಕಂಠ.

ಹೆಂಡತಿ: ಎಷ್ಟು ಗಂಟೆಗೆ?

ಮೇಲ್ವಿಚಾರಕ: ಒಂದೂವರೆಗೆ.

ಮಾತು ಅಷ್ಟಕ್ಕೇ ಮುಗಿಯಿತು.

ಮೆಕ್ಯಾನಿಕ್: ಯಾರು, ಯಾರಿಗೆ, ಯಾವ ವಿಷಯ, ಒಂದೂ ಹೇಳಲಿಲ್ಲವಲ್ಲ ಸಾರ್ ಅಮ್ಮಾವ್ರು?

ಮೇಲ್ವಿಚಾರಕ: ಊಟಕ್ಕೆ ಎಷ್ಟಕ್ಕೆ ಬರ್ತೀನಿ ಅಂತ ದಿನಾ ಕೇಳೋದೇ. ಇಪ್ಪತ್ತೆಂಟು ವರ್ಷದ ಸಂಸಾರ ಕಣಯ್ಯ! ಅವಳು ಉಸಿರೆಳೆದ್ರೂ ನನಗೆ ಅರ್ಥ ಆಗುತ್ತೆ.

ಮೆಕ್ಯಾನಿಕ್: ಪೆಟ್ಟಿಗೆ ಸಂಸಾರವೂ ಅಷ್ಟೇ ಸಾರ್.

ಮೇಲ್ವಿಚಾರಕರು ಗೊಣಗುತ್ತಲೇ ಪೆನ್ನು ತೆಗೆದರು. ಅಷ್ಟರಲ್ಲಿ ಮತ್ತೆ ಫೋನು.

ಹೆಂಡತಿ: ರೀ, ಡಾಕ್ಟರ ಹತ್ರ ಬಂದು ನಿಂತಿದ್ದೀನಿ. ಒಂದೂವರೆಗೆ ಇಲ್ಲಿ ಬಾಗಿಲೇ ಹಾಕಿರ್ತಾರಂತೆ! ನಿಮ್ಮ ಮಂಡಿ ತೋರಿಸೋಕೆ ಎಷ್ಟು ಗಂಟೆಗೆ ಬರಹೇಳಿದ್ದಾರೆ ಅಂತ ಕೇಳಿದ್ರೆ ಊಟದ ಹೊತ್ತು ಹೇಳ್ತೀರಾ?

ಪೆನ್ನು ಜೇಬಿಗೆ ವಾಪಸು ಹೋಯಿತು.

ಮೇಲ್ವಿಚಾರಕ: (ಗೆದ್ದವರಂತೆ) ನೋಡಿದೆಯಾ, ನಿನ್ನ ಅರ್ಧಂಬರ್ಧ ಮಾತಿನ ಗತಿ! ಇದಕ್ಕೆ ನಾನು ಸಹಿ ಹಾಕಬೇಕಾ?

ಮೆಕ್ಯಾನಿಕ್: ವಿಷಯ ಬದಲಾದಾಗ ಒಂದು ಸಲ ಪೂರ್ತಿ ಹೇಳಲೇಬೇಕು ಸಾರ್. ಅಮ್ಮಾವ್ರು ಹೇಳಿರಲಿಲ್ವಾ?

ಹೆಂಡತಿ: (ಫೋನಿನಿಂದಲೇ) ಬೆಳಿಗ್ಗೆ ಎರಡು ಸಲ ಹೇಳಿದೆನಪ್ಪಾ! ಡಾಕ್ಟರಿಗೆ ಫೋನ್ ಮಾಡಿ ಟೈಮ್ ತಗೊಳ್ಳಿ, ಎಷ್ಟು ಗಂಟೆಗೆ ಅಂತ ಆಮೇಲೆ ಕೇಳ್ತೀನಿ ಅಂದೆ. ಹೂಂ ಅಂದ್ರು.

ಮೇಲ್ವಿಚಾರಕ: (ದನಿ ತಗ್ಗಿಸಿ) ಆಗ ನಾನು ಪೇಪರ್ ಓದ್ತಿದ್ದೆ.

ಮೆಕ್ಯಾನಿಕ್: ನಮ್ಮ ಕಂಪ್ಯೂಟರ್ ಪೇಪರ್ ಓದಲ್ಲ ಸಾರ್.

ಹೆಂಡತಿ: ಸಹಿ ಹಾಕ್ರೀ! ಹೇಳಿದ್ದನ್ನ ಕೇಳಿಸಿಕೊಳ್ಳೋದು ಆ ಗೋದಾಮಿನಲ್ಲಿ ಒಂದಾದ್ರೂ ಇರ್ಲಿ.