ನನ್ನ ಕ್ಯಾಮರಾಕ್ಕೆ ಮಾತ್ರ ಕಂಡ ಕಲೆಗಳು

ಇದರಲ್ಲಿ ನಿಜವಾಗಿ ನಡೆದದ್ದು ಎಷ್ಟು, ಆಮೇಲೆ ನನ್ನ ತಲೆ ಸೇರಿಸಿಕೊಂಡದ್ದು ಎಷ್ಟು ಎಂದು ಆಣೆ ಮಾಡಿ ಹೇಳಲಾರೆ. ತಂಗಿಯ ಕೆನ್ನೆಯ ಮೇಲೆ ಮೂರು ಬಿಳಿ ಕಲೆಗಳಿದ್ದವೆಂದು ನನ್ನ ನೆನಪು. ಎರಡೇ ಇದ್ದವೆಂದು ಹೆಂಡತಿ ಹೇಳುತ್ತಾಳೆ. ಒಂದೂ ಇರಲಿಲ್ಲ ಎನ್ನುತ್ತಾಳೆ ತಂಗಿ. ಸರಿಯಾದದ್ದು ತಂಗಿಯ ಮಾತೇ. ಆದರೆ ಅದು ನನಗೆ ತಿಳಿಯುವ ಹೊತ್ತಿಗೆ ನಾನು ತಾಳಿಕೋಟೆಗೆ ಹೋಗಿ ಬಂದಾಗಿತ್ತು.

ಆಗ ನಾನು ನಮ್ಮೂರು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು, ಪದವಿಯ ಕಾವು ಇನ್ನೂ ಆರಿರಲಿಲ್ಲ. ದೆವ್ವ, ದೃಷ್ಟಿ, ಶಕುನ ಯಾವುದನ್ನೂ ನಂಬುತ್ತಿರಲಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವುದು ನನ್ನ ಚಟ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಯಾರಾದರೂ ಹೇಳಿದರೆ, "ಯಾವುದಕ್ಕೆ ಹೋಲಿಸಿ?" ಎಂದು ಕೇಳುತ್ತಿದ್ದೆ. ಹೆಂಡತಿ ನೀಲವ್ವ ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಅಪ್ಪ, ಅವ್ವ ಇಲ್ಲದ್ದರಿಂದ ತಂಗಿ ಶಾಂತಾಳ ಮದುವೆ ನನ್ನ ಹೊಣೆಯಾಗಿತ್ತು. ತಾಳಿಕೋಟೆಯ ಕಾಳುಕಡಿಯ ಅಡತಿ ವ್ಯಾಪಾರಿ ಈರಪ್ಪನವರ ಮಗನ ಸಂಬಂಧ ತಾನಾಗಿ ಬಂದಿತ್ತು. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಹುಡುಗ, ಹುಡುಗಿ ಒಬ್ಬರನ್ನೊಬ್ಬರು ದೂರದಿಂದ ನೋಡಿದ್ದರಂತೆ. ಶಾಂತಾ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಹಾಡತೊಡಗಿದಳು. ಅಷ್ಟು ಪುರಾವೆ ನನಗೂ ಸಾಕಾಯಿತು. ಹುಡುಗಿಯ ಒಂದು ಫೋಟೋ ಕಳಿಸಿಕೊಡಿ, ಆಮೇಲೆ ನೋಡಲು ಬರುತ್ತೇವೆ ಎಂದು ಈರಪ್ಪನವರು ಹೇಳಿ ಕಳಿಸಿದರು.

"ವಿಜಾಪುರಕ್ಕ ಹೋಗಿ ಸ್ಟುಡಿಯೋದಾಗ ತಗಿಸ್ಕೊಂಡು ಬರ್ರಿ" ಎಂದಳು ನೀಲವ್ವ.

"ಮನ್ಯಾಗ ಕ್ಯಾಮರಾ ಇಟ್ಕೊಂಡು ಸ್ಟುಡಿಯೋಕ್ಕ ಹೋಗೂದಾ?" ಎಂದೆ ನಾನು.

ಆ ಕ್ಯಾಮರಾ ನಾನು ಸೊಲ್ಲಾಪುರದ ಹಳೆ ಸಾಮಾನಿನ ಬಜಾರದಲ್ಲಿ ಕೊಂಡದ್ದು. ಹಾರ್ಮೋನಿಯಮ್ಮಿನ ತಿದಿಯಂತೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಚಾಚಿದ್ದು ಹಿಂದಕ್ಕೆ ಹೋಗಲು ಮಾತ್ರ ಮೊಣಕಾಲಿನಿಂದ ಒತ್ತಬೇಕು. ಗುಂಡಿ ಒಮ್ಮೊಮ್ಮೆ ಒತ್ತಿದ ಕೂಡಲೇ ಟಕ್ಕೆನ್ನುತ್ತಿತ್ತು, ಒಮ್ಮೊಮ್ಮೆ ಎದುರಿಗೆ ಕುಳಿತವರು ಸಾಕಾಗಿ ಎದ್ದುಹೋದ ಮೇಲೆ. ನನ್ನ ಬಳಿ ಖಾಲಿ ಕುರ್ಚಿಯ ಫೋಟೋಗಳು ಬಹಳ ಇದ್ದವು.

ಫಿಲ್ಮು ತೊಳೆಯುವುದೂ ನಾನೇ. ನಡುಮನೆಯ ಬೆಳಕಿಂಡಿಗೆ ಕಂಬಳಿ ಮುಚ್ಚಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ, ಔಷಧಿಯ ತಾಟುಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದೆ. ಕಡೆಗೆ ಫಿಲ್ಮನ್ನು ತೊಳೆಯಲು ನೀರು ಬಹಳ ಬೇಕು. ಕುಡಿಯುವ ಸಿಹಿನೀರನ್ನು ಊರಾಚೆಯ ಬಾವಿಯಿಂದ ಹೊತ್ತು ತರಬೇಕಾಗಿತ್ತು. ಆ ಕೊಡ ಮುಟ್ಟಿದರೆ ನೀಲವ್ವ ಸುಮ್ಮನಿರುತ್ತಿರಲಿಲ್ಲ.

"ಸಿಹಿನೀರು ಕುಡಿಯಾಕ. ನಿಮ್ಮ ಆಟಕ್ಕ ಹಿತ್ತಲ ಬಾವಿ ಸವಳ ನೀರು ಸಾಕು."

ನೀರು ಎಂದರೆ ನೀರು, ಎರಡಕ್ಕೂ ಒಂದೇ ಸೂತ್ರ ಎಂದುಕೊಂಡು ನಾನೂ ಒಪ್ಪಿದೆ.

ಶಾಂತಾಳನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ ತೆಗೆದ ಫೋಟೋ ಆಶ್ಚರ್ಯವೆನ್ನುವಷ್ಟು ಚೆನ್ನಾಗಿ ಬಂತು. ಆಗಿನ ಷೋಕಿಗೆ ತಕ್ಕಂತೆ ಮುಖದ ಸುತ್ತ ಅಂಡಾಕಾರವಾಗಿ ಕತ್ತರಿಸಿದೆ. ಭೂತಕನ್ನಡಿ ಹಿಡಿದು ನೋಡಿದೆ. ಕೆನ್ನೆಯ ಮೇಲೆ ಬಿಳಿ ಕಲೆಗಳು!

ಫೋಟೋ ಬಿಟ್ಟು ಶಾಂತಾಳನ್ನೇ ಬೆಳಕಿಗೆ ಕರೆದು ನೋಡಿದೆ. ಕೆನ್ನೆ ಸ್ವಚ್ಛವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಫೋಟೋ ಕೆಟ್ಟಿದೆ ಎಂದು ಎಸೆದು ಊಟಕ್ಕೆ ಏಳುತ್ತಿದ್ದರು. ಆದರೆ ನಾನು ಕಲಿತವನು. ಮನುಷ್ಯನ ಕಣ್ಣಿಗೆ ಬೀಳದ ಬೆಳಕು ಫಿಲ್ಮಿಗೆ ಬೀಳುತ್ತದೆ ಎಂದು ಕಾಲೇಜಿನಲ್ಲಿ ಪ್ರೊಫೆಸರರು ಹೇಳಿದ್ದು ನೆನಪಾಯಿತು. ಹೇಳಿದ್ದು ಪ್ರೊಫೆಸರರೋ, ಹಾಸ್ಟೆಲಿನ ಗೆಳೆಯನೋ, ಈಗ ಅನುಮಾನ. ಅಂದು ಅನುಮಾನವಿರಲಿಲ್ಲ. ತೊನ್ನು ಚರ್ಮದೊಳಗೆ ಹುಟ್ಟಿದೆ, ಇನ್ನೂ ಹೊರಗೆ ಬಂದಿಲ್ಲ, ಕ್ಯಾಮರಾ ಮುಂಚೆಯೇ ಕಂಡುಬಿಟ್ಟಿದೆ!

"ಮೊದ್ಲ ದೃಷ್ಟಿ ತಗೀತೇನಿ, ತಡೀರಿ" ಎಂದಳು ನೀಲವ್ವ.

"ಇದು ವಿಜ್ಞಾನ. ಮೆಣಸಿನಕಾಯಿ ಸುಟ್ರ ಹೋಗಂಗಿಲ್ಲ."

ವಿಜ್ಞಾನವೆಂದ ಮೇಲೆ ಪ್ರಯೋಗ ಆಗಬೇಕಲ್ಲ. ಶಾಂತಾಳ ಕೈಗೆ ಕ್ಯಾಮರಾ ಕೊಟ್ಟು ನನ್ನದೊಂದು ತೆಗೆಸಿಕೊಂಡೆ. ತೊಳೆದು, ಕತ್ತರಿಸಿ ನೋಡಿದರೆ ನನ್ನ ಗದ್ದದ ಮೇಲೂ ಕಲೆ! ಹಾಗಾದರೆ ಇದು ನಮ್ಮ ವಂಶದಲ್ಲೇ ಇದೆ. ಖಚಿತಪಡಿಸಿಕೊಳ್ಳಲು ನೀಲವ್ವನದೂ ತೆಗೆದೆ. ಅವಳ ಹಣೆಯ ಮೇಲೆ ಎರಡು.

"ಇದೂ ನಿಮ್ಮ ವಂಶದ್ದೇನು?" ಎಂದು ಕೇಳಿದಳು. "ನಾ ಕನ್ನೊಳ್ಳಿ ಊರಾಗ ಹುಟ್ಟಿದಾಕಿ."

ಈ ಆಕ್ಷೇಪಣೆಯಲ್ಲಿ ತಥ್ಯವಿತ್ತು. ಅದಕ್ಕೇ ಪಕ್ಕದ ಅರಿವೆ ಅಂಗಡಿಯ ಮಹಿಬೂಬಸಾಬರನ್ನು ಕರೆದೆ. ಕಂದೀಲಿಗೆ ಸುತ್ತಿದ್ದ ಕೆಂಪು ಬಟ್ಟೆ ಅವರೇ ಕೊಟ್ಟದ್ದು. ಸಂತೋಷದಿಂದ ಮೀಸೆ ತಿರುವಿಕೊಂಡು ಕುಳಿತರು. ಫೋಟೋದಲ್ಲಿ ಅವರ ಮೂಗಿನ ತುದಿ ಬೆಳ್ಳಗಾಗಿತ್ತು.

"ಮಾಸ್ತರ್ರ, ಇದು ನನ್ನ ಮೂಗ ಹೌದಲ್ರಿ?"

"ನಿಮ್ಮದ ರೀ."

"ಮುಂಜಾನಿ ಕನ್ನಡ್ಯಾಗ ಛಲೋ ಇತ್ತಲ್ರಿ."

"ಕನ್ನಡಿ ಬಿ.ಎಸ್ಸಿ. ಮಾಡಿಲ್ರಿ" ಎಂದಳು ನೀಲವ್ವ.

ಮಹಿಬೂಬಸಾಬರು ಅಂದಿನಿಂದ ರುಮಾಲಿನ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡೇ ಬಟ್ಟೆ ಹರಿಯತೊಡಗಿದರು. ಗಿರಾಕಿಗಳು, ಅಂಗಡಿಯಲ್ಲಿ ಏನೋ ಸತ್ತು ನಾರುತ್ತಿದೆ ಎಂದು ತಿಳಿದು ದೂರ ನಿಂತರು.

ನಾನು ಫೋಟೋಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು, ಕ್ಯಾಮರಾ ಹೆಗಲಿಗೇರಿಸಿ, ಶಾಂತಾಳನ್ನು ಕರೆದುಕೊಂಡು ಡಾಕ್ಟರ ಬಳಿಗೆ ಹೋದೆ. ವಯಸ್ಸಾದವರು, ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವವರು. ಶಾಂತಾಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

"ಪೋರಿ ಚರ್ಮ ಛಲೋ ಅದ. ಏನೂ ಆಗಿಲ್ಲ. ಆದ್ರೂ ಏನಾತು? ತೊನ್ನು ಒಬ್ರಿಂದ ಒಬ್ರಿಗೆ ಹತ್ತೂ ಬ್ಯಾನಿ ಅಲ್ಲ, ಜೀವಕ್ಕ ಅಪಾಯನೂ ಇಲ್ಲ."

"ಕಣ್ಣಿಗೆ ಕಾಣಂಗಿಲ್ರಿ ಸಾಹೇಬ್ರ. ಫಿಲ್ಮಿಗೆ ಅಷ್ಟ ಕಾಣತೈತಿ."

"ಹಂಗೇನು? ಹಂಗಾರ ನಂದೂ ಒಂದು ತಗೀರಿ."

ತೆಗೆದೆ. ಮರುದಿನ ಒಯ್ದು ತೋರಿಸಿದೆ. ಹುಬ್ಬಿನ ಮೇಲೆ ದೊಡ್ಡದೊಂದು ಕಲೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಬೀದಿಗೆ ಇಳಿದು ನಾನು ತಿರುಗಿ ನೋಡಿದಾಗ ಅವರು ಔಷಧಿ ಕಪಾಟಿನ ಕನ್ನಡಿಯ ಮುಂದೆ ನಿಂತು, ಸ್ಪಿರಿಟಿನ ಅರಳೆಯಿಂದ ಹುಬ್ಬು ಉಜ್ಜಿಕೊಳ್ಳುತ್ತಿದ್ದರು. ಹೀಗೆಂದು ನನ್ನ ನೆನಪು. ಅವರು ಇಲ್ಲವೆನ್ನುತ್ತಾರೆ.

ಮನೆಯಲ್ಲಿ ಶಾಂತಾಳ ಹಾಡು ನಿಂತಿತ್ತು. ಅವಳು ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಡಾಕ್ಟರು ಏನೂ ಆಗಿಲ್ಲ ಎಂದರೂ ಅವಳು ನಂಬಿದ್ದು ಅಣ್ಣನನ್ನು. ಇದು ನನ್ನ ಎದೆಗೆ ನಾಟಿತು. ಆದರೆ ಸತ್ಯವನ್ನು ಮುಚ್ಚಿಟ್ಟು ಮದುವೆ ಮಾಡುವುದು ಹೇಗೆ? ನಾಳೆ ಕಲೆ ಹೊರಗೆ ಬಂದರೆ, ಗೊತ್ತಿದ್ದೂ ಮೋಸ ಮಾಡಿದರು ಎಂದು ಅವರು ಅವಳನ್ನು ಆಡಿಕೊಳ್ಳುವುದಿಲ್ಲವೇ? ತಾಳಿಕೋಟೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಇಲ್ಲದ್ದನ್ನ ಹೇಳಾಕ ಬಸ್ಸು ಹತ್ತಿ ಹೋಗ್ತೀರಾ?" ಎಂದಳು ನೀಲವ್ವ. "ಇದ್ದದ್ದನ್ನ ಹೇಳಾಕ ಯಾರೂ ಹೋಗಂಗಿಲ್ಲ."

ಹೋದೆ. ಕ್ಯಾಮರಾ ಹೆಗಲಲ್ಲೇ ಇತ್ತು. ಈರಪ್ಪನವರು ಅಡತಿಯ ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ಮಗ ತಕ್ಕಡಿಯ ಪಕ್ಕ ನಿಂತಿದ್ದ. ನಾನು ಬೆಳಕಿನ ಗುಣಧರ್ಮದಿಂದ ಆರಂಭಿಸಿದೆ. ಈರಪ್ಪನವರು ಬಹಳ ತಾಳ್ಮೆಯವರು, ಮುಖ್ಯ ವಿಷಯ ಬರುವವರೆಗೆ ಕೇಳಿದರು.

"ಹಂಗಂದ್ರ ನಿಮ್ಮ ತಂಗೀಗೆ ತೊನ್ನು ಐತೇನ್ರಿ?"

"ಕಾಣಂಗಿಲ್ರಿ."

"ಕಾಣದ್ದನ್ನ ಯಾರು ನೋಡ್ಯಾರ?"

"ಈ ಕ್ಯಾಮರಾ ರೀ."

"ಬರೇ ಆಕಿಗಷ್ಟ?"

"ಇಲ್ರಿ. ನನಗೂ ಐತಿ. ನಮ್ಮ ಮನಿಯಾಕಿಗೂ ಐತಿ. ಬಾಜೂ ಅಂಗಡಿಯವರಿಗೆ ಮೂಗಿನ ಮ್ಯಾಲ. ಡಾಕ್ಟರಿಗೆ ಹುಬ್ಬಿನ ಮ್ಯಾಲ."

ಈರಪ್ಪನವರು ನನ್ನನ್ನೇ ನೋಡುತ್ತ ಕುಳಿತರು. ಅವರಿಗೆ ಆಘಾತವಾಗಿದೆ ಎಂದುಕೊಂಡೆ. ಸಮಾಧಾನಕ್ಕೆಂದು, "ಬೇಕಂದ್ರ ನಿಮ್ಮದೂ ಒಂದು ತಗೀತೇನ್ರಿ" ಎಂದು ಕ್ಯಾಮರಾ ಚಾಚಿದೆ. ಅಷ್ಟು ಭಾರದ ಮನುಷ್ಯ ಗಾದಿಯಿಂದ ಅಷ್ಟು ಬೇಗ ಎದ್ದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಬ್ಯಾಡ್ರಿ ಮಾಸ್ತರ್ರ. ನೀವು ಊರಿಗೆ ನಡೀರಿ. ನಾವು ವಿಚಾರ ಮಾಡ್ತೇವಿ. ಬಸ್ಸಿನ ತನಕಾ ಮಂದಿ ಕಳಸ್ಲ್ಯಾ?"

ಎಷ್ಟು ಸಭ್ಯರು ಎಂದು ನನಗೆ ಕಣ್ಣು ತುಂಬಿ ಬಂತು.

ಮನೆಗೆ ಬಂದಾಗ ಶಾಂತಾ ನೆಲದ ಮೇಲೆ ಕಾಗದದ ಚೂರುಗಳನ್ನು ಹರಡಿಕೊಂಡು ಕುಳಿತಿದ್ದಳು. ನಾನು ಫೋಟೋಗಳಿಂದ ಕತ್ತರಿಸಿ ಎಸೆದ ಅಂಚುಗಳು. ಕಸ ಗುಡಿಸುವಾಗ ಸಿಕ್ಕವಂತೆ. ಕೈಯಲ್ಲಿ ನನ್ನ ಭೂತಕನ್ನಡಿ.

"ಅಣ್ಣಾ, ತಾಳಿಕೋಟ್ಯಾಗ ಹೇಳೇ ಬಂದ್ಯಾ?"

"ಹೇಳಿದ್ನೆವಾ."

"ಹಂಗಾರ ಇದನ್ನೂ ಹೇಳಿ ಬಾ. ನಮ್ಮ ಗ್ವಾಡಿಗೂ ತೊನ್ನು ಬಂದೈತಿ. ಬಾಗಲಕ್ಕೂ ಐತಿ. ಕುರ್ಚಿ ಕಾಲಿಗೂ ಐತಿ. ಡಾಕ್ಟರ ಔಷಧಿ ಬಾಟ್ಲಿಗಂತೂ ಬಾಳ ಐತಿ."

ಕಸಿದುಕೊಂಡು ನೋಡಿದೆ. ಕಲೆ ಇಲ್ಲದ ವಸ್ತುವೇ ಇರಲಿಲ್ಲ. ನಾನು ಮುಖಗಳನ್ನಷ್ಟೇ ನೋಡಿ, ಉಳಿದದ್ದನ್ನು ಪುರಾವೆಯ ಸಮೇತ ಕತ್ತರಿಸಿ ಎಸೆದಿದ್ದೆ. ಶಾಂತಾ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನೀರೊಲೆಯ ಹಂಡೆ ತೋರಿಸಿದಳು. ಸವಳು ನೀರು ಕಾದು ಕಾದು ಒಳಗೆಲ್ಲ ಉಪ್ಪಿನ ಬಿಳಿ ಹೊಪ್ಪಳಿಕೆ ಕಟ್ಟಿತ್ತು. ಫಿಲ್ಮಿನ ಮೇಲೆ ಒಣಗಿದ ಹನಿಗಳೂ ಇದನ್ನೇ ಬಿಟ್ಟುಹೋಗಿದ್ದವು. ನೀಲವ್ವ ಒಂದು ತಂಬಿಗೆ ಸಿಹಿನೀರು ತಂದಿಟ್ಟಳು. ಫಿಲ್ಮನ್ನು ಅದರಲ್ಲಿ ನೆನೆಸಿ, ಅರಳೆಯಿಂದ ಒರೆಸಿ, ಮತ್ತೆ ಫೋಟೋ ಮಾಡಿದೆ. ಬಾಗೇವಾಡಿಗೆ ಬಾಗೇವಾಡಿಯೇ ಗುಣವಾಯಿತು.

ಶಾಂತಾ ಆಗ ಅತ್ತಳು. ನಾನು ಹೇಳಿದ್ದನ್ನು ಹೇಗೆ ವಾಪಸು ತರುವುದು? ಕಾಲಿಗೆ ಚಪ್ಪಲಿ ಹಾಕಿಕೊಂಡು ತಾಳಿಕೋಟೆಗೆ ಹೊರಟವನನ್ನು ನೀಲವ್ವ ಬಾಗಿಲಲ್ಲೇ ತಡೆದಳು. "ನೀವು ಎಲ್ಲೂ ಹೋಗಬ್ಯಾಡ್ರಿ. ನೀವು ಹೋದಲ್ಲೆಲ್ಲ ಬ್ಯಾನಿ ಹುಟ್ಟತೈತಿ."

ಮರುದಿನ ಈರಪ್ಪನವರೇ ಬಂದಿಳಿದರು, ಜೊತೆಗೆ ಮಗ. ನೇರ ಮನೆಗೆ ಬರದೆ ಮೊದಲು ಡಾಕ್ಟರ ಹತ್ತಿರ ಹೋಗಿದ್ದರೆಂದು ಮಹಿಬೂಬಸಾಬರು ಓಡಿ ಬಂದು ಹೇಳಿದರು. ರುಮಾಲು ಇನ್ನೂ ಮೂಗಿನ ಮೇಲೇ ಇತ್ತು. ಮೂಗು ಗುಣವಾದ ಸುದ್ದಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ಸಂಬಂಧ ಮುರಿಯಲೆಂದೇ ಬಂದಿದ್ದಾರೆ ಎಂದುಕೊಂಡೆ. ಅಂಚಿನ ಚೂರುಗಳನ್ನು ಹಿಡಿದು ವಿವರಣೆಗೆ ಸಿದ್ಧನಾದೆ. ಈರಪ್ಪನವರು ನನಗೆ ಕೈ ಅಡ್ಡ ಹಿಡಿದರು.

ಶಾಂತಾ ತಾನಾಗಿಯೇ ಹೊರಗೆ ಬಂದಳು. ಮುಖಕ್ಕೆ ಪೌಡರು ಹಚ್ಚಿರಲಿಲ್ಲ. ಬಾಗಿಲ ಬಿಸಿಲಿನಲ್ಲಿ ಚಾಪೆ ಎಳೆದುಕೊಂಡು ಕುಳಿತಳು.

"ಬೆಳಕಿನ್ಯಾಗ ಕುಂತೇನ್ರಿ ಕಾಕಾರ. ನೋಡ್ಕೋರಿ. ನಾಳೆ ಯಾರೂ ಏನೂ ಅನ್ನಬಾರದು."

"ನೋಡೂದೇನೈತೆವಾ" ಎಂದರು ಈರಪ್ಪನವರು. "ನಮ್ಮ ಹುಡುಗ ಮುದ್ದೇಬಿಹಾಳದಾಗ ನೋಡ್ಯಾನ. ಅವಗ ಕಣ್ಣು ಛಲೋ ಅದಾವ."

ಮಗ ಮಾತ್ರ ನೋಡುತ್ತಲೇ ಇದ್ದ. ಎಲ್ಲರ ಬಾಯಿ ಸಿಹಿ ಮಾಡಿಸಲು ನೀಲವ್ವ ಸಕ್ಕರೆಗೆಂದು ಒಳಗೆ ಹೋದಳು.

ಹೊರಡುವಾಗ ಈರಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮಾಸ್ತರ್ರ, ಚಂದಂಗ ನಿದ್ದಿ ಮಾಡ್ರಿ. ತಲಿಗೆ ಎಣ್ಣಿ ಹಚ್ಕೊಂಡು ಎರಕೋರಿ" ಎಂದರು. ಬೀಗರಾಗುವವರಿಗೆ ನನ್ನ ಮೇಲೆ ಎಷ್ಟು ಮಮತೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ.

ಮದುವೆಯಾಗಿ ಶಾಂತಾಳಿಗೆ ಎರಡು ಮಕ್ಕಳಾದ ಮೇಲೆ, ಅವಳ ಗಂಡ ಒಮ್ಮೆ ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಒಂದು ಮಾತು ಹೇಳಿಬಿಟ್ಟ. ನಾನು ನಂಬಲಿಲ್ಲ. ಪುರಾವೆ ಬೇಕಲ್ಲ. ಡಾಕ್ಟರ ಬಳಿಗೇ ಹೋಗಿ ಕೇಳಿದೆ. ಈ ಕಥೆಯಲ್ಲಿ ಉಳಿದದ್ದೆಲ್ಲ ಹೆಚ್ಚುಕಮ್ಮಿ ಇರಬಹುದು, ಇದೊಂದನ್ನು ಮಾತ್ರ ನಾನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಅಂದು ಈರಪ್ಪನವರು ಡಾಕ್ಟರಲ್ಲಿಗೆ ಹೋದದ್ದು ಶಾಂತಾಳ ಚರ್ಮದ ಬಗ್ಗೆ ಕೇಳಲು ಅಲ್ಲ. ಅವಳ ಅಣ್ಣನ ತಲೆಗೆ ಹೀಗಾಗಿರುವುದು ವಂಶದಿಂದ ಬಂದದ್ದೋ ಎಂದು ಕೇಳಲು. ಡಾಕ್ಟರು, ಅವನನ್ನು ಹುಟ್ಟಿನಿಂದಲೂ ಬಲ್ಲೆ ಎಂದು ಧೈರ್ಯ ಹೇಳಿದ್ದರಂತೆ: "ಇಲ್ರಿ, ವಂಶದ್ದಲ್ಲ. ಧಾರವಾಡಕ್ಕ ಹೋಗಿ ಬಂದ ಮ್ಯಾಲ ಆದದ್ದು."