ಬೇವಾರಸ್ ಫಿಯಟ್ಟಿನ ವಾರಸುದಾರರು

ಶ್ರೀ ವಿಕಾಸ್ ಇನಾಮದಾರ್,
ಗೌರವ ಕಾರ್ಯದರ್ಶಿಗಳು, ನವಕಿರಣ ರೋ-ಹೌಸ್ ಸೊಸೈಟಿ,
ಸಾನಪಾಡಾ, ನವಿ ಮುಂಬಯಿ

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ರಬ್ಬರ್ ಸ್ಟ್ಯಾಂಪೂ ಕ್ಷೇಮವಾಗಿರುವಿರೆಂದು ನಂಬಿ, ಹದಿನಾಲ್ಕನೇ ನಂಬರ್ ಮನೆಯ ದಮಯಂತಿ ಬಂಗೇರ ಎಂಬ ನಾನು, ಅಂದರೆ ಠಾಣೆಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿ ನಿವೃತ್ತಳಾದವಳು, ಕೈಮುಗಿದು ಬರೆಯುವುದೇನೆಂದರೆ: ಕಳೆದ ಜನವರಿಯಲ್ಲಿ ತಾವು ನಮ್ಮ ಮೇಲೆ ಹೊರಡಿಸಿದ ನೋಟಿಸು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ತಾವು ಧಾರವಾಡದಲ್ಲಿ ಹುಟ್ಟಿ ಬೆಳೆದವರೆಂದು ಗಣೇಶೋತ್ಸವದ ಭಾಷಣದಲ್ಲಿ ಪ್ರತಿ ವರ್ಷ ಹೇಳುವುದರಿಂದ, ನನ್ನ ಉತ್ತರವೂ ಕನ್ನಡದಲ್ಲೇ ಇದ್ದರೆ ತಮಗೆ ಹಿತವಾದೀತೆಂದು ಭಾವಿಸಿದ್ದೇನೆ. ಒಂದು ಪ್ರತಿಯನ್ನು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೂ ಕಳುಹಿಸಿದ್ದೇನೆ. ಅದಕ್ಕೆ ಇನ್ನೂರು ಓದುಗರಷ್ಟೇ ಇರುವುದು, ಆದರೆ ಬಹುಪಾಲು ತಮ್ಮ ಪರಿಚಯದವರು.

ಮೊದಲಿಗೆ ತಮ್ಮ ದೃಷ್ಟಿಯ ಸೂಕ್ಷ್ಮತೆಯನ್ನು ಹೊಗಳದಿದ್ದರೆ ಕೃತಘ್ನಳಾಗುತ್ತೇನೆ. ಮೂರು ಮಳೆಗಾಲಗಳಿಂದ ಬಾಯಿ ತೆರೆದುಕೊಂಡಿರುವ ಗೇಟಿನ ಪಕ್ಕದ ಗಟಾರ ತಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಆದರೆ ನನ್ನ ಸ್ವಂತ ಗ್ಯಾರೇಜಿನೊಳಗೆ, ಅರ್ಧ ಎಳೆದ ಶಟರಿನ ಹಿಂದೆ ನಿಂತಿದ್ದ ಒಂದು ಹಳೆಯ ಫಿಯಟ್ ಕಾರಿನ ತುಕ್ಕು ತಮಗೆ ಬೀದಿಯ ಆಚೆಯಿಂದಲೇ ಕಂಡಿತು. ಆ ಗಾಡಿಯನ್ನು ತಾವು 'ಬೇವಾರಸ್ ವಾಹನ' ಎಂದು ಬರೆದು, ಹದಿನೈದು ದಿನದೊಳಗೆ ತೆಗೆಯದಿದ್ದರೆ ಎಳೆದುಕೊಂಡು ಹೋಗಲಾಗುವುದು ಎಂದು ಎಚ್ಚರಿಸಿ, ಆ ಕಾಗದವನ್ನು ಹಿಂದಿನ ದಿನವಷ್ಟೇ ಪ್ರೈಮರ್ ಬಳಿದಿದ್ದ ಬಾನೆಟ್ಟಿಗೆ ಅಂಟಿಸಿದಿರಿ. ಕಿತ್ತಾಗ ಕಾಗದದೊಂದಿಗೆ ಒಂದು ವಾರದ ಕೆಲಸವೂ ಕಿತ್ತು ಬಂತು. ವಾರಸುದಾರರಿಲ್ಲದ ವಸ್ತುವಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆಂಬುದನ್ನು ಬಲ್ಲೆ. ನಮ್ಮ ತುಳುನಾಡಿನ ಕಡೆ ಮಾತ್ರ ಅದು ಬೈಗುಳ. ಊರಿನಲ್ಲಿ ಯಾರಾದರೂ ಆ ಪದವನ್ನು ಹೀಗೆ ಸಹಿ ಮಾಡಿ, ಮೊಹರು ಒತ್ತಿ ಕೊಟ್ಟಿದ್ದರೆ ಎರಡು ಮನೆಗಳ ಸಂಬಂಧವೇ ಕಡಿದುಹೋಗುತ್ತಿತ್ತು.

ಆ ಗಾಡಿಗೆ ವಾರಸುದಾರರಿದ್ದಾರೆ, ಮಾನ್ಯರೇ. ನನ್ನ ಅಣ್ಣ ಬೂಬ ಬಂಗೇರ. ತಾವು ಅವರನ್ನು ವರಾಂಡದ ಕುರ್ಚಿಯಲ್ಲಿ ಕುಳಿತ, ಯಾರೊಂದಿಗೂ ಹೆಚ್ಚು ಮಾತನಾಡದ ಮುದುಕರೆಂದು ಮಾತ್ರ ಬಲ್ಲಿರಿ. ವಾಶಿಯ ಮಾರ್ಕೆಟ್ಟಿನ ಎದುರಿನ ಹೋಟೆಲೊಂದರಲ್ಲಿ ಮೂವತ್ತಮೂರು ವರ್ಷ ಅವರು ದೋಸೆಯ ಕಾವಲಿಯ ಮುಂದೆ ನಿಂತವರು. ಮದುವೆಯಾಗಲಿಲ್ಲ. ನಮ್ಮನ್ನೆಲ್ಲ ಓದಿಸಿದರು, ದಡ ಸೇರಿಸಿದರು. ಜೀವಮಾನದಲ್ಲಿ ತಮಗೆಂದು ಕೊಂಡುಕೊಂಡದ್ದು ಒಂದೇ, ಹೋಟೆಲ್ ಧಣಿಗಳ ಹಳೆಯ ಫಿಯಟ್. ಭಾನುವಾರ ಬೆಳಿಗ್ಗೆ ಅದನ್ನು ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾಮ್ ಬೀಚ್ ರಸ್ತೆಯ ಆ ತುದಿಯವರೆಗೆ ಹೋಗಿ ಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ 'ಎಲ್ಲಿಗೂ ಇಲ್ಲ' ಎನ್ನುತ್ತಿದ್ದರು. ಆ 'ಎಲ್ಲಿಗೂ ಇಲ್ಲ'ದಿಂದ ಹಿಂದಿರುಗಿದ ಮೇಲೆ ಇಡೀ ವಾರ ಅವರ ಮುಖ ಚೆನ್ನಾಗಿರುತ್ತಿತ್ತು.

ಎಂಟು ವರ್ಷಗಳ ಹಿಂದೆ ಅಣ್ಣ ಹೋಟೆಲಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಎರಡು ತಿಂಗಳು. ಇನ್ನು ಎದ್ದು ನಡೆಯುವುದು ಕಷ್ಟವೆಂದು ಡಾಕ್ಟರು ಹೇಳಿದ ದಿನ ನಾನು ಮನೆಗೆ ಬಂದು, ತಾಡಪತ್ರಿ ಹೊದ್ದು ನಿಂತಿದ್ದ ಆ ಗಾಡಿಯನ್ನು ನೋಡುತ್ತಾ ಬಹಳ ಹೊತ್ತು ನಿಂತೆ. ಅವರು ಹಾಸಿಗೆಯಿಂದ ದಿನವೂ ಇದನ್ನು ನೋಡುತ್ತಾ ಮಲಗುವುದು ಬೇಡವೆಂದು ನನಗೆ ನಾನೇ ಹೇಳಿಕೊಂಡು, ಅವರನ್ನು ಒಂದು ಮಾತೂ ಕೇಳದೆ ಭಂಗಾರದವನನ್ನು, ಅಂದರೆ ಹಳೆ ಕಬ್ಬಿಣದವನನ್ನು, ಕರೆಸಿ ಗಾಡಿಯನ್ನು ಗುಜರಿಗೆ ಮಾರಿಬಿಟ್ಟೆ. ಅಣ್ಣ ಕೋಲೂರಿಕೊಂಡು ನಡೆದೇ ಮನೆಗೆ ಬಂದರು. ಖಾಲಿ ಗ್ಯಾರೇಜನ್ನು ನೋಡಿದರು. ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟರು.

ಒಂದೇ ಸೂರಿನಡಿ ಎಂಟು ವರ್ಷ ಮಾತಿಲ್ಲದೆ ಬದುಕುವುದು ಎಷ್ಟು ಶ್ರಮದ ಕೆಲಸವೆಂಬುದು ವಾಟ್ಸಾಪ್ ಗುಂಪಿನಲ್ಲಿ ಗಂಟೆಗೊಂದು ಸಂದೇಶ ಕಳುಹಿಸುವ ತಮಗೆ ತಿಳಿಯಲಾರದು. ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೆ ಅಣ್ಣ ಅದನ್ನು ನನ್ನ ಮಗಳು ತನ್ವಿಗೆ ತುಳುವಿನಲ್ಲಿ ಹೇಳುವರು. ಇಲ್ಲಿಯೇ ಹುಟ್ಟಿದ ಅವಳಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. ಅವಳು ನನಗೆ ಹಿಂದಿಯಲ್ಲಿ ತಿಳಿಸುವಳು, ನಾನು ಕನ್ನಡದಲ್ಲಿ ಗೊಣಗಿ ಉಪ್ಪಿನ ಡಬ್ಬಿ ಸರಿಸುವೆನು. ಹೀಗೆ ಒಂದು ಚಿಟಿಕೆ ಉಪ್ಪು ನಮ್ಮ ಮನೆಯಲ್ಲಿ ಮೂರು ಭಾಷೆಗಳನ್ನು ದಾಟಿ ಬರಬೇಕಿತ್ತು. ತನ್ವಿ ಕೆಲಸಕ್ಕೆ ಹೋದ ಮೇಲೆ ಅಣ್ಣ ಹೇಳಬೇಕಾದದ್ದನ್ನು ಕುಕ್ಕರಿಗೆ ಹೇಳುತ್ತಿದ್ದರು. ಕುಕ್ಕರ್ ಉತ್ತರಿಸುತ್ತಿತ್ತು, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ, ಭಿವಂಡಿಯ ಗೋದಾಮೊಂದರಲ್ಲಿ ಕೆಲಸ ಮಾಡುವ ತನ್ವಿ ಊಟದ ಹೊತ್ತಿನಲ್ಲಿ ಒಂದು ಫೋಟೋ ಕಳುಹಿಸಿದಳು. ಪಕ್ಕದ ಅಂಗಳದಲ್ಲಿ ಗಾಲಿಯಿಲ್ಲದ ಒಂದು ಕಾರು, ಅದರ ಹಿಂದಿನ ಸೀಟಿನಲ್ಲಿ ಆರು ಕೋಳಿಗಳು. ನಂಬರ್ ಪ್ಲೇಟ್ ನಮ್ಮದು. ಅದನ್ನು ಒಡೆಯದೆ ಕೋಳಿಗೂಡು ಮಾಡಿಕೊಂಡಿದ್ದ ಪುಣ್ಯಾತ್ಮನನ್ನು ಒಪ್ಪಿಸಿ ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆವು. ಟೆಂಪೋ ಬಾಗಿಲಿಗೆ ಬಂದಾಗ ಅಣ್ಣ ವರಾಂಡದಿಂದ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಗಮೇಶ ಎಂಬ ಡೆಂಟರ್ ತಮಗೆ ಗೊತ್ತು, ಏಕೆಂದರೆ ಅವನ ಸುತ್ತಿಗೆಯ ಸದ್ದಿನ ಬಗ್ಗೆ ತಾವು ಮೂರು ಸಲ ಬರೆದಿದ್ದೀರಿ. ಕಲಬುರಗಿ ಕಡೆಯವನು, ಡೊಂಬಿವಲಿಯ ಗ್ಯಾರೇಜೊಂದರಲ್ಲಿ ಕೆಲಸ. ನನ್ನ ಹಳೆಯ ವಿದ್ಯಾರ್ಥಿಯೊಬ್ಬಳ ಗಂಡ. ಮೊದಲ ಭಾನುವಾರ ಬಂದು, ಗಾಡಿಯನ್ನು ಒಂದು ಸುತ್ತು ಹಾಕಿ, ಅವನು ಹೇಳಿದ್ದಿಷ್ಟು: "ಅಕ್ಕೋರೆ, ಇದರಾಗ ಗಾಡಿ ಕಮ್ಮಿ ಅದ, ಜಂಗ ಹೆಚ್ಚ ಅದ." ಜಂಗ ಎಂದರೆ ತುಕ್ಕು. ಮಾತು ಸುಳ್ಳಾಗಿರಲಿಲ್ಲ. ಡ್ರೈವರ್ ಸೀಟಿನ ಕೆಳಗೆ ತಳವೇ ಇರಲಿಲ್ಲ, ಕೂತರೆ ಪಾದಗಳು ನನ್ನ ಗ್ಯಾರೇಜಿನ ನೆಲ ಮುಟ್ಟುತ್ತಿದ್ದವು. ಆದರೂ ಅವನು ಭಾನುವಾರ ತಪ್ಪಿಸಲಿಲ್ಲ. ಅವನ ಹೆಂಡತಿ ಗುರಮ್ಮ, ಅಂದರೆ ಆ ನನ್ನ ವಿದ್ಯಾರ್ಥಿನಿ, ಜೋಳದ ರೊಟ್ಟಿ ಕಟ್ಟಿಕೊಂಡು ಅವನೊಂದಿಗೆ ಠಾಣೆಯಲ್ಲಿ ಲೋಕಲ್ ಬದಲಿಸಿ ಬರುತ್ತಿದ್ದಳು. ಅವನು ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವನು, ನಾವಿಬ್ಬರು ಪಾಲಿಶ್ ಪೇಪರಿನಿಂದ ತಿಕ್ಕುವೆವು. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ಬೆರಳುಗಳಿಗೆ ಅರವತ್ತೊಂದನೇ ವಯಸ್ಸಿನಲ್ಲಿ ಬೊಬ್ಬೆಗಳು ಬಂದವು. ಕಾರ್ಬ್ಯುರೇಟರನ್ನು ನಾನು ಇಡ್ಲಿ ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ತೊಳೆದೆ. ಆಮೇಲೆ ನಾವು ಇಡ್ಲಿಗೆ ಬೇರೆ ಪಾತ್ರೆ ತಂದೆವು.

ಈ ಎರಡು ವರ್ಷದಲ್ಲಿ ನನಗೆ ಕಂಡಂತೆ ಅಣ್ಣ ಗ್ಯಾರೇಜಿಗೆ ಕಾಲಿಡಲಿಲ್ಲ. ಆದರೆ ವರಾಂಡದ ಅವರ ಕುರ್ಚಿ ತಿಂಗಳಿಗೊಂದು ಮೊಳದಂತೆ ಗ್ಯಾರೇಜಿನ ಕಡೆ ಸರಿಯುತ್ತಾ ಬಂತು. ಕೇಳುವಂತಿರಲಿಲ್ಲ, ಹಾಗಾಗಿ ನಾನು ಗುಡಿಸುವಾಗ ಅದನ್ನು ಸರಿದ ಜಾಗದಲ್ಲೇ ಬಿಡುತ್ತಿದ್ದೆ.

ಎಂಜಿನ್ ಜೋಡಿಸಿಯಾದ ಮೇಲೆ ಮೂರು ಭಾನುವಾರ ಅದು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಸಂಗಮೇಶ ತಗಡಿನ ಪಂಡಿತ, ಎಂಜಿನ್ನಿನವನಲ್ಲ. ಅವನಿಗೂ ಬೇಸರ ಹುಟ್ಟಿತು. ನಾಲ್ಕನೇ ವಾರ, ಒಂದು ಗುರುವಾರ ಬೆಳಿಗ್ಗೆ ನಾನು ವಾಶಿಗೆ ತರಕಾರಿಗೆ ಹೋಗಿ ಬಂದು, ಹಾಳಾಗಲಿ ಎಂದು ಕೀಲಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಯಿತು. ಇಳಿದು ನೋಡಿದೆ. ಪ್ಲಗ್ಗಿನ ಎರಡು ವೈರುಗಳು ಅದಲುಬದಲಾಗಿದ್ದವು, ಅಂದರೆ ನಾವು ಹಾಕಿದ್ದೇ ತಪ್ಪಾಗಿತ್ತು, ಯಾರೋ ಸರಿ ಮಾಡಿದ್ದರು. ಅಣ್ಣ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಪೇಪರಿನ ಅಂಚಿನಲ್ಲಿ ಗ್ರೀಸಿನ ಹೆಬ್ಬೆಟ್ಟು ಮೂಡಿತ್ತು. ನಾನು ಒಳಗೆ ಹೋಗಿ, ನಲ್ಲಿ ಬಿಟ್ಟು, ಸ್ವಲ್ಪ ಅತ್ತೆ.

ಆ ವಾರವೇ ತಮ್ಮ ನೋಟಿಸು ಬಂತು. ನಾನು ಎರಡು ಉತ್ತರ ಬರೆದೆ, ತಾವು ಎರಡಕ್ಕೂ ಅದೇ ನೋಟಿಸಿನ ಜೆರಾಕ್ಸ್ ಕಳುಹಿಸಿದಿರಿ. ಹದಿನಾರನೇ ದಿನ, ಶನಿವಾರ ಹನ್ನೊಂದು ಗಂಟೆಗೆ, ತಾವು ಟೋಯಿಂಗ್ ಗಾಡಿಯೊಂದಿಗೆ ಸ್ವತಃ ದಯಮಾಡಿಸಿದಿರಿ. ಸಂಗಮೇಶ ಡೊಂಬಿವಲಿಯಲ್ಲಿ, ತನ್ವಿ ಭಿವಂಡಿಯಲ್ಲಿ. ನಾನು ಶಟರಿನ ಮುಂದೆ ಕೈಚಾಚಿ ನಿಂತೆ. ಪಕ್ಕಕ್ಕೆ ಸರಿಯಿರಿ ಎಂದು ತಾವು ಬಹಳ ವಿನಯದಿಂದಲೇ ಕೇಳಿಕೊಂಡಿರಿ, ಅದಕ್ಕೆ ನಾನು ಸಾಕ್ಷಿ. ಕೊಕ್ಕೆ ಹಿಡಿದವನು ಇದು ಯಾರ ಗಾಡಿ ಎಂದು ಕೇಳಿದಾಗ ತಾವು ಯಾರದೂ ಅಲ್ಲವೆಂದಿರಿ.

ಆಗ ಅಣ್ಣ ಬಂದರು. ಮುಂದೆ ನಡೆದದ್ದನ್ನು ತಾವೂ ನೋಡಿದ್ದೀರಿ, ಆದರೂ ಸಂಘದ ಓದುಗರಿಗಾಗಿ ಬರೆಯುತ್ತೇನೆ. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಆರ್‌ಸಿ ಬುಕ್ಕನ್ನು ತೆಗೆದು ಕೊಕ್ಕೆಯವನ ಕೈಗಿಟ್ಟರು. ಗಾಡಿ ಮಾರಿದ ನಾನು ಅದರ ಕಾಗದ ಎಲ್ಲಿದೆಯೆಂದು ಯೋಚಿಸಿಯೇ ಇರಲಿಲ್ಲ. ಆಮೇಲೆ ಬಾಗಿಲು ತೆಗೆದು, ಸೊಂಟವನ್ನು ಕೈಯಿಂದ ಹಿಡಿದು ನಿಧಾನವಾಗಿ ಸೀಟಿನಲ್ಲಿ ಕುಳಿತು, ಕೀಲಿ ತಿರುಗಿಸಿದರು. ಗ್ಯಾರೇಜ್ ತುಂಬ ಕಪ್ಪು ಹೊಗೆಯೆದ್ದು ಎಂಜಿನ್ ನಿಂತಿತು. ನಾನು ಕಿಟಕಿಗೆ ಬಾಗಿದೆ. ಅಣ್ಣ ನನ್ನ ಮುಖ ನೋಡಿ ತುಳುವಿನಲ್ಲಿ ಹೇಳಿದ್ದನ್ನು ತಮಗಾಗಿ ಕನ್ನಡಕ್ಕೆ ತಂದಿದ್ದೇನೆ:

"ದಮ್ಮು, ಚೋಕ್ ಎಳೆದು ಹಾಗೇ ಬಿಡಬಾರದು ಅಂತ ನಿನಗೆ ಎಷ್ಟು ಸಲ ಹೇಳುವುದು?"

ಎಂಟು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ, ಮಾನ್ಯರೇ. ಆದರೆ ಅದನ್ನು ವಾದಿಸುವ ಸಮಯ ಅದಲ್ಲ. ನಾನು ಚೋಕನ್ನು ಒಳಗೆ ತಳ್ಳಿದೆ, ಅಣ್ಣ ಮತ್ತೆ ಕೀಲಿ ತಿರುಗಿಸಿದರು, ಗಾಡಿ ಸ್ಟಾರ್ಟ್ ಆಯಿತು. ಅಣ್ಣ ಅದನ್ನು ತಾವು ನಿಂತಿದ್ದ ಪಕ್ಕದಿಂದಲೇ ಹೊರತಂದು, ಸೊಸೈಟಿಯ ತೋಟಕ್ಕೆ ಒಂದು ಸುತ್ತು ಹಾಕಿ, ಬ್ರೇಕ್ ಇನ್ನೂ ಪೂರ್ತಿ ಹಿಡಿಯುತ್ತಿರಲಿಲ್ಲವಾದ್ದರಿಂದ ತಾವು ಸಾಲಾಗಿ ಇಟ್ಟಿದ್ದ ಕ್ರೋಟನ್ ಕುಂಡಗಳ ನೆರವಿನಿಂದ ನಿಲ್ಲಿಸಿದರು. ಎರಡು ಕುಂಡಗಳು ಹೋದವು, ಬೇರೆ ತಂದಿಟ್ಟಿದ್ದೇವೆ. ಟೋಯಿಂಗಿನವನು ಆರ್‌ಸಿ ಬುಕ್ಕನ್ನು ಎರಡು ಕೈಯಿಂದ ಹಿಂದಿರುಗಿಸಿ, ಅಣ್ಣನೊಂದಿಗೆ ಒಂದು ಫೋಟೋ ತೆಗೆಸಿಕೊಂಡು ಹೋದ.

ಅಂದು ಸಂಜೆ ಚಹಾ ಕೊಡುತ್ತಾ ನಾನು ಅಣ್ಣನಿಗೆ, ಕೇಳದೆ ಮಾರಿದ್ದು ತಪ್ಪಾಯಿತು ಎಂದೆ. ಅವರು ಚಹಾ ಊದಿ ಒಂದು ಗುಟುಕು ಕುಡಿದರು.

"ಮಾರಿದ್ದಕ್ಕಲ್ಲ ಮಾರಾಯ್ತಿ," ಅಂದರು. "ನಾನು ಇನ್ನು ಏಳುವುದಿಲ್ಲ ಅಂತ ನೀನೂ ನಂಬಿದೆಯಲ್ಲ, ಅದಕ್ಕೆ."

ನಾನು ಎಂಟು ವರ್ಷ ಮನಸ್ಸಿನಲ್ಲೇ ತಪ್ಪು ವಸ್ತುವಿಗೆ ಕ್ಷಮೆ ಕೇಳುತ್ತಾ ಇದ್ದೆನೆಂದು ಆಗ ತಿಳಿಯಿತು. ನಾನು ಅವರ ಪಕ್ಕದಲ್ಲಿ ಕುಳಿತೆ. ನನ್ನ ಚಹಾ ತಣ್ಣಗಾಯಿತು. ಅದನ್ನೂ ಅವರೇ ಕುಡಿದರು.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ತಾವು ತಂದ ಟೋಯಿಂಗ್ ಗಾಡಿಯಿಂದಾಗಿ ನಮ್ಮ ಮನೆಯ ಶಾಂತಿ ಸಂಪೂರ್ಣ ಕೆಟ್ಟಿದೆ. ಬೆಳಿಗ್ಗೆ ಐದೂವರೆಗೆ ಮಾತು ಆರಂಭಿಸುವ ಅಣ್ಣ ನನ್ನ ದೋಸೆ ಹಿಟ್ಟು, ನನ್ನ ಗೇರ್ ಹಾಕುವ ರೀತಿ, ನಾನು ಐದು ವರ್ಷದ ಹಿಂದೆ ಒಂದು ಮದುವೆಗೆ ಉಟ್ಟ ಸೀರೆ, ಎಲ್ಲದರ ಬಗ್ಗೆಯೂ ಬಾಕಿಯುಳಿದ ಅಭಿಪ್ರಾಯಗಳನ್ನು ಸರದಿಯಂತೆ ತಿಳಿಸುತ್ತಿದ್ದಾರೆ. ಎಂಟು ವರ್ಷದ ಬಾಕಿಯಲ್ಲಿ ಈಗಷ್ಟೇ ಮೂರನೇ ವರ್ಷ ಮುಗಿದಿದೆ. ಆದ್ದರಿಂದ ಅಣ್ಣನ ಮಾತನ್ನು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಷೇಧಿಸುವ ಒಂದು ಸುತ್ತೋಲೆಯನ್ನು ತಾವು ಹೊರಡಿಸಬೇಕು. ವಾಶಿ ಖಾಡಿಯ ಹಿನ್ನೀರಿನಿಂದ ಬರುವ ಉಪ್ಪುಗಾಳಿಗೆ ನಮ್ಮ ಗೇಟಿನೊಳಗೆ ಪ್ರವೇಶವಿಲ್ಲವೆಂದು ಒಂದು ಫಲಕ ಹಾಕಿಸಬೇಕು, ಏಕೆಂದರೆ ಎಡಬದಿಯ ಮಡ್‌ಗಾರ್ಡಿನಲ್ಲಿ ಮತ್ತೆ ತುಕ್ಕು ಕಾಣಿಸಿಕೊಂಡಿದೆ. ಮತ್ತು ನಮ್ಮ ಸೊಸೈಟಿಯ ಇಪ್ಪತ್ತೆರಡು ಮನೆಗಳಲ್ಲಿ ಒಡಹುಟ್ಟಿದವರೊಂದಿಗೆ ಮಾತು ಬಿಟ್ಟವರು ಇನ್ನೂ ಯಾರ್ಯಾರು ಇದ್ದಾರೆಂದು ವಿಚಾರಿಸಿ, ಅವರಿಗೂ ಹದಿನೈದು ದಿನದ ನೋಟಿಸು ಕೊಟ್ಟು, ಕೊಕ್ಕೆಯೊಂದಿಗೆ ಬಾಗಿಲಿಗೆ ಹೋಗಬೇಕೆಂದು ಪ್ರಾರ್ಥಿಸುತ್ತೇನೆ. ತಮ್ಮಷ್ಟು ಚೆನ್ನಾಗಿ ಆ ಕೆಲಸವನ್ನು ಬೇರಾರೂ ಮಾಡಲಾರರು.

ಕಳೆದ ತಿಂಗಳು ಗಾಡಿ ಆರ್‌ಟಿಒ ತಪಾಸಣೆಯಲ್ಲಿ ಪಾಸಾಗಿದೆಯೆಂದು ಸಂತೋಷದಿಂದ ತಿಳಿಸುತ್ತಾ,

ತಮ್ಮ ಆಡಳಿತದ ನೆರಳಿನಲ್ಲಿ ನೆಮ್ಮದಿಯಿಂದಲೂ ಸದ್ದಿನಿಂದಲೂ ಬಾಳುತ್ತಿರುವ,
ತಮ್ಮ ವಿಶ್ವಾಸಿ,
ದಮಯಂತಿ ಬಂಗೇರ
ಮನೆ ನಂಬರ್ ೧೪

ತಾ.ಕ.: ಕಳೆದ ಎರಡು ಭಾನುವಾರ ತಾವು ಏಳುವ ಮೊದಲೇ ತಮ್ಮ ಶ್ರೀಮತಿ ಸೋನಾಲಿಯವರು ನಮ್ಮೊಂದಿಗೆ ಹಿಂದಿನ ಸೀಟಿನಲ್ಲಿ ಕುಳಿತು ಪಾಮ್ ಬೀಚ್ ರಸ್ತೆಗೆ ಬಂದಿದ್ದರು. ತಿಂಡಿ ತಡವಾದದ್ದಕ್ಕೆ ಅವರನ್ನು ಆಕ್ಷೇಪಿಸಬೇಡಿ. ದಾರಿಯುದ್ದಕ್ಕೂ ಅವರು ಬಹಳ ಮಾತನಾಡಿದರು, ವಿಷಯ ಪೂರ್ತಿ ತಾವೇ. ಏನೆಂದು ಇಲ್ಲಿ ಬರೆಯುವುದಿಲ್ಲ. ಇದು ಬಹಿರಂಗ ಪತ್ರ.